ಎಡಗೈ ಕಾಜ

ಆ ಬೀದಿಯಲ್ಲಿ ಎಲ್ಲರೂ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಮಾಸ್ಟರಲ್ಲ, ಬಟ್ಟೆ ಹೊಲಿಯುವ ಮಾಸ್ಟರು. ಆದರೆ ಪಾಠ ಹೇಳುವುದರಲ್ಲಿ ಅವರು ಯಾವ ಮೇಷ್ಟ್ರಿಗೂ ಕಡಿಮೆಯಿರಲಿಲ್ಲ. ಕತ್ತರಿ ಆಡುವಷ್ಟು ಹೊತ್ತೂ ಬಾಯಿ ಆಡುತ್ತಿತ್ತು. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಗಿರಾಕಿಗಳ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಮೈ ನೆನಪಿರುತ್ತಿತ್ತು. ಬ್ಯಾಂಕಿನ ಮ್ಯಾನೇಜರು ‘ಮುಂದೊಟ್ಟೆ’, ಔಷಧಿ ಅಂಗಡಿಯವನು ‘ಕೋಲುಕೈ’. ಎಡಭುಜ ಒಂದೂವರೆ ಬೆರಳು ತಗ್ಗಿದ್ದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ ಹಣ್ಣಿನ ವ್ಯಾಪಾರಿಯೊಬ್ಬರು ‘ಇಳಿಭುಜ’.

ಇಳಿಭುಜದವರು ಮೊದಲ ಸಲ ಬಂದದ್ದು ಹಳೆಯ ಕೋಟಿನ ಕಾಲರನ್ನು ತಿರುಗಿಸಿ ಹೊಲಿಸಿಕೊಳ್ಳಲು. ಎರಡನೆಯ ಸಲ ಹೊಸದೊಂದು ಬೂದುಬಣ್ಣದ ಕೋಟಿಗೆ ಅಳತೆ ಕೊಟ್ಟರು. ಎಡಗಡೆ ಒಳಗೆ, ಅಸ್ತರಿನ ಮಡಿಕೆಯಲ್ಲಿ, ಯಾರಿಗೂ ಕಾಣದಂತೆ ಒಂದು ಕಳ್ಳಜೇಬು ಬೇಕೆಂದರು.

“ಯಾರಿಗೂ ಹೇಳಬೇಡಿ ಮಾಸ್ಟರ್.”

“ನನ್ನ ಬಾಯಿ ದೊಡ್ಡದಿರಬಹುದು, ಸ್ವಾಮಿ. ಆದ್ರೆ ಗಿರಾಕಿ ಜೇಬಿನ ವಿಷಯ ಅದರಿಂದ ಹೊರಗೆ ಬರಲ್ಲ.”

ಈ ಮಾತನ್ನು ಅವರು ಉಳಿಸಿಕೊಂಡರು. ಕೋಟು ಕೊಟ್ಟ ನಾಲ್ಕು ತಿಂಗಳಿಗೆ ಇಳಿಭುಜದವರ ಫೋಟೋ ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ಅವರು ಹಣ್ಣಿನ ವ್ಯಾಪಾರಿಯಾಗಿರಲಿಲ್ಲ. ಮಾದಕವಸ್ತು ಪತ್ತೆದಳದ ಅಧಿಕಾರಿ. ವೇಷ ಮರೆಸಿಕೊಂಡು ಗೋದಾಮೊಂದರ ಮಾಲೀಕನ ಜಾಲದೊಳಗೆ ಹೊಕ್ಕಿದ್ದರು. ಗುರುತು ಬಯಲಾದ ದಿನ ಆ ಗೋದಾಮಿನ ಹಿಂದೆಯೇ ಗುಂಡೇಟಿಗೆ ಬಲಿಯಾದರು. ಅವರ ಕೋಟಿನೊಳಗೆ ಒಂದು ಪುಟ್ಟ ರೆಕಾರ್ಡರು ಸಿಕ್ಕಿತು. ಅದರಲ್ಲಿ ಮಾಲೀಕನ ದನಿಯಿತ್ತು, ಬೈಗುಳವಿತ್ತು, ಕೊನೆಯಲ್ಲಿ ಗುಂಡಿನ ಸದ್ದಿತ್ತು. ಇಡೀ ಮೊಕದ್ದಮೆ ನಿಂತದ್ದು ಆ ಕೋಟಿನ ಮೇಲೆ.

ಅಷ್ಟಾದದ್ದೇ ತಡ, ಊರಿನ ಬಾಯಿಗೆ ಕೆಲಸ ಸಿಕ್ಕಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಈ ಊರಿನಲ್ಲಿ ಅವರ ಕೈಯಲ್ಲಿ ಮೊಬೈಲೂ ಇತ್ತು. ಅಧಿಕಾರಿ ಸತ್ತೇ ಇಲ್ಲ, ಯಾವುದೋ ದ್ವೀಪದಲ್ಲಿ ಆರಾಮವಾಗಿದ್ದಾನೆ ಎಂದು ಒಬ್ಬ. ಗೋದಾಮಿನ ಮಾಡಿನ ಮೇಲೆ ಇನ್ನೊಬ್ಬ ಬಂದೂಕಿನವನು ಇದ್ದ ಎಂದು ಮತ್ತೊಬ್ಬ. ಅಧಿಕಾರಿಯೂ ಅದೇ ದಂಧೆಯವನು, ಪಾಲು ಸಾಲದೆ ಜಗಳವಾಯಿತು ಎಂದು ಪಕ್ಕದ ಕ್ಷೌರದಂಗಡಿಯವನು.

ಮಾಸ್ಟರು ಇವನ್ನೆಲ್ಲ ಕತ್ತರಿಸುವ ಮೇಜಿನ ಮೇಲೆ ಹರಡಿ ಒಂದೊಂದಾಗಿ ಕತ್ತರಿಸಿ ಹಾಕಿದರು.

“ಮಾಡಿನಿಂದ ಹೊಡೆದಿದ್ರೆ ಗುಂಡು ಭುಜಕ್ಕೆ ಇಳೀಬೇಕಪ್ಪ. ಪೇಪರಲ್ಲಿ ಕೋಟಿನ ಚಿತ್ರ ನೋಡು, ತೂತು ಇರೋದು ಎದುರಿಗೆ, ಮೂರನೇ ಗುಂಡಿ ಪಕ್ಕ, ನೂಲೆಲ್ಲ ಒಳಗಡೆ ಬಾಗಿದೆ. ಎದುರುಬದುರು ನಿಂತು ಹೊಡೆದಿದ್ದಾನೆ. ಇನ್ನು ದಂಧೆ ಅಂತೀಯಲ್ಲ, ದಂಧೆಯವನು ಹಳೇ ಕೋಟಿನ ಕಾಲರ್ ತಿರುಗಿಸಿ ಹೊಲಿಸ್ಕೋತಾನೇನೋ? ತಲೆ ಕೂದಲು ಕತ್ತರಿಸು, ತಲೆ ಹರಟೆ ಬೇಡ.”

ಕ್ಷೌರದವನಿಗೆ ಸಿಟ್ಟು ಬಂತು. “ಹಾಗಾದ್ರೆ ನಿಮಗೇನು ಕಾಣಿಸ್ತು, ಹೇಳಿ ನೋಡೋಣ.”

ಅಲ್ಲೇ ಎಡವಟ್ಟಾದದ್ದು. ಮಾಸ್ಟರು ಭೂತಗನ್ನಡಿ ತೆಗೆದು ಪತ್ರಿಕೆಯಲ್ಲಿದ್ದ ಕೋಟಿನ ಚಿತ್ರದ ಮೇಲೆ ಬಾಗಿದರು. ಗುಂಡಿ ತೂರಿಸುವ ಕಾಜಗಳ ಮೇಲೆ ಅವರ ಕಣ್ಣು ನಿಂತಿತು. ಕೋಟಿಗೆ ಕೈಯಿಂದ ಹಾಕುವ ಕಾಜವೆಂದರೆ ಅವರ ಅಂಗಡಿಯ ಕೀರ್ತಿ. ಅಂಚಿನ ನೂಲು ಅಕ್ಕಿಕಾಳು ಜೋಡಿಸಿದ ಹಾಗೆ ಕೂರುತ್ತಿತ್ತು. ಚಿತ್ರದ ಕಾಜಗಳು ಸೊಟ್ಟಗಿದ್ದವು.

“ಇದು ನಮ್ಮಂಗಡಿ ಕಾಜ ಅಲ್ಲ,” ಎಂದರು. “ನಾನು ಹೊಲಿದ ಕೋಟೇ ಅಲ್ಲ ಇದು. ಸುಳ್ಳಾದ್ರೆ ನನ್ನ ಕೈ ಕಡೀರಿ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ‘ಕೋಟು ಬದಲಾಗಿದೆ’ ಎಂಬ ವಿಡಿಯೋವನ್ನು ಲಕ್ಷ ಜನ ನೋಡಿದರು. ಅದರ ಪ್ರಕಾರ ಇಲಾಖೆಯವರೇ ತಮ್ಮವನನ್ನು ಕೊಂದು, ಬೇರೆ ಕೋಟಿನಲ್ಲಿ ರೆಕಾರ್ಡರು ಇಟ್ಟು, ಪಾಪದ ಗೋದಾಮಿನವನನ್ನು ಸಿಕ್ಕಿಸಿದ್ದಾರೆ. ಸತ್ತವನ ದರ್ಜಿಯೇ ಹೇಳುತ್ತಿದ್ದಾನೆ! ಆರೋಪಿಯ ವಕೀಲರು ಕಾರಿನಲ್ಲಿ ಬಂದು, ಮಾಸ್ಟರಿಗೆ ಕೈಮುಗಿದು, ತಮ್ಮ ಕಡೆಯ ಸಾಕ್ಷಿಯಾಗಬೇಕೆಂದರು. ಮಾಸ್ಟರು ಒಪ್ಪಿದರು. ಉಳಿದವರದೆಲ್ಲ ಗಾಳಿಮಾತು, ತನ್ನದು ಮಾತ್ರ ಕಸುಬಿನ ಮಾತು ಎಂದು ಅವರಿಗೆ ಖಾತ್ರಿಯಿತ್ತು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆಯನ್ನು ಅವರೇ ದಿನಕ್ಕೆ ನಾಲ್ಕು ಸಲ ಗಿರಾಕಿಗಳಿಗೆ ಹೇಳುತ್ತಿದ್ದರು.

ಈಗ ಇನ್ನೊಂದು ವಿಷಯ ಹೇಳಲೇಬೇಕು. ‘ನಮ್ಮಂಗಡಿ ಕಾಜ’ ಎನ್ನುತ್ತಿದ್ದರಲ್ಲ, ಯಾರು ಹಾಕುವುದೆಂದು ಕೇಳಿದರೆ ‘ಇನ್ಯಾರು, ನಾನೇ’ ಎನ್ನುತ್ತಿದ್ದರಲ್ಲ, ಆ ಕಾಜಗಳನ್ನು ಮೂವತ್ತೆರಡು ವರ್ಷ ಹಾಕಿದ್ದು ಅವರ ಹೆಂಡತಿ. ಅಂಗಡಿಯ ಹಿಂದಿನ ಮನೆಯಲ್ಲಿ, ಕಿಟಕಿಯ ಕೆಳಗೆ, ಎಡಗೈಯಲ್ಲಿ. ಆಕೆ ಎಡಚಿ. ಮೊದಲು ಕೇಳಿದವರಿಗೆ ತಮಾಷೆಗೆ ಹೇಳಿದ ಸುಳ್ಳು, ಆಮೇಲೆ ರೂಢಿಯಾಗಿ, ಕೊನೆಗೆ ಮಾಸ್ಟರಿಗೇ ನಿಜದಂತೆ ಕೇಳತೊಡಗಿತ್ತು. ಎರಡು ವರ್ಷದ ಹಿಂದೆ ಆಕೆ, “ಇನ್ಮೇಲೆ ಕಾಜ ಮಿಷನ್‌ಗೆ ಕೊಟ್ಬಿಡಿ ರೀ, ಬೇಗ ಆಗುತ್ತೆ,” ಎಂದಾಗ ಅವರು ಹೂಂ ಎಂದಿದ್ದರು. ಯಾಕೆ ಎಂದು ಕೇಳಲಿಲ್ಲ. ಆಕೆ ಕೈಯಿಂದ ಕಾಜ ಹಾಕಿದ ಕೊನೆಯ ಕೋಟು ಇಳಿಭುಜದವರದು; ಎಂದಿನ ನಂಬಿಕೆಯಲ್ಲಿ ಮಾಸ್ಟರು ಕಾಜಗಳನ್ನು ನೋಡದೆಯೇ ಅದನ್ನು ಮಡಿಸಿ ಕೊಟ್ಟಿದ್ದರು.

ಮೊಕದ್ದಮೆ ಸಾಕ್ಷಿಯ ಹಂತಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು. ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಮಾಸ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಚಿತ್ರ ಬಂದ ದಿನದಿಂದ ಆಕೆ ಆ ವಿಷಯದಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ.

“ರೀ, ಕೋಟನ್ನ ಕೈಯಲ್ಲಿ ಮುಟ್ಟಿ ನೋಡಿ. ಮುಟ್ಟದೆ ಮಾತ್ರ ಏನೂ ಹೇಳ್ಬೇಡಿ.”

“ನನಗೇ ಪಾಠನಾ?” ಎಂದು ನಕ್ಕು ಹೊರಟರು.

ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಬೆಂಚಿನಲ್ಲಿ ಅಧಿಕಾರಿಯ ಹೆಂಡತಿ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಮಾಸ್ಟರನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ಅತ್ತ ಕಟಕಟೆಯಲ್ಲಿದ್ದ ಗೋದಾಮಿನ ಮಾಲೀಕ ಮಾತ್ರ ನೆಂಟರನ್ನು ಕಂಡವನಂತೆ ನಗುತ್ತಿದ್ದ. ಆ ನಗು ಮಾಸ್ಟರಿಗೆ ಹಿಡಿಸಲಿಲ್ಲ. ತಾನು ‘ಇದು ನನ್ನ ಕೋಟಲ್ಲ’ ಎಂದರೆ ಈ ಮನುಷ್ಯ ಮನೆಗೆ ಹೋಗುತ್ತಾನೆ ಎಂಬುದು ಅವರ ತಲೆಗೆ ಪೂರ್ತಿ ಇಳಿದದ್ದು ಆಗಲೇ.

ಆರೋಪಿಯ ವಕೀಲರು ಕೇಳಿದರು: “ಈ ಕೋಟು ನೀವು ಹೊಲಿದದ್ದೇ?”

“ಮುಟ್ಟಿ ನೋಡಿ ಹೇಳ್ತೀನಿ.”

“ಪತ್ರಿಕೆಯಲ್ಲಿ ನೋಡಿಯೇ ಹೇಳಿದ್ರಲ್ಲ?”

“ಅದು ಬೀದಿ. ಇಲ್ಲಿ ಪ್ರಮಾಣ ಮಾಡಿದ್ದೀನಿ.”

ಕೈಗವಸು ಕೊಟ್ಟರು. ಕೈಗವಸು ಹಾಕಿಕೊಂಡು ಬಟ್ಟೆ ಮುಟ್ಟುವುದೂ ಒಂದೇ, ಮುಟ್ಟದಿರುವುದೂ ಒಂದೇ ಎಂದು ಮಾಸ್ಟರು ವಾದಿಸಿದರು. ಪ್ರಯೋಗಾಲಯದ ಪರೀಕ್ಷೆ ಮುಗಿದಿದೆಯೆಂದು ಖಚಿತ ಮಾಡಿಕೊಂಡು ನ್ಯಾಯಾಧೀಶರು ಬರಿಗೈಗೆ ಅನುಮತಿ ಕೊಟ್ಟರು.

ಕೋಟನ್ನು ಕೈಗೆತ್ತಿಕೊಂಡ ಕೂಡಲೇ ಎಡಭುಜದ ಕೆಳಗಿನ ಹತ್ತಿಯ ಪದರ ಬೆರಳಿಗೆ ಸಿಕ್ಕಿತು, ಒಂದೂವರೆ ಬೆರಳಿನ ತಗ್ಗು ಮುಚ್ಚಲು ತಾವೇ ಇಟ್ಟದ್ದು. ಒಳಗೆ ಕೈಹಾಕಿ, ಅಸ್ತರಿನ ಮಡಿಕೆಯನ್ನು ಕೆಳಗೊತ್ತಿ, ಹೆಬ್ಬೆರಳು ಜಾರಿಸಿದರು. ಕಳ್ಳಜೇಬು ತೆರೆದುಕೊಂಡಿತು. ಹಾಗೆ ತೆರೆಯುವ ಜೇಬು ಹೊಲಿಯುವ ಬಗೆ ಬಲ್ಲವರು ಈ ಭೂಮಿಯ ಮೇಲೆ ಅವರೊಬ್ಬರೇ.

ಹಾಗಾದರೆ ಕಾಜ? ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿದರು. ನೂಲು ಎಡಕ್ಕೆ ವಾಲಿತ್ತು, ಗಂಟು ಎಲ್ಲರೂ ಹಾಕುವ ತುದಿಯಲ್ಲಿರದೆ ಇನ್ನೊಂದು ತುದಿಯಲ್ಲಿತ್ತು. ಎಡಗೈ. ಅವಳದೇ. ಆದರೆ ಒಂದು ಕಡೆ ನೂಲಿನ ಮೇಲೆ ನೂಲು ಬಿದ್ದಿತ್ತು, ಇನ್ನೊಂದು ಕಡೆ ಬಟ್ಟೆಯ ಅಂಚು ಬರಿದಾಗಿತ್ತು. ಕಂಡು ಹೊಲಿದ ಕಾಜವಲ್ಲ ಅದು. ಬೆರಳಿನಿಂದ ತಡಕಿ ತಡಕಿ ಹೊಲಿದದ್ದು.

ಆ ಗಳಿಗೆಯಲ್ಲಿ ಹಿಂದಿನ ಎರಡು ಮೂರು ವರ್ಷ ಒಟ್ಟಿಗೆ ನೆನಪಿಗೆ ಬಂತು. ಬೆಳಿಗ್ಗೆ ಬಿಸಿಲಿರುವಾಗ ಪಕ್ಕದ ಮನೆಯ ಹುಡುಗಿಯಿಂದ ಹತ್ತು ಸೂಜಿಗೆ ದಾರ ಹಾಕಿಸಿಟ್ಟುಕೊಳ್ಳುತ್ತಿದ್ದದ್ದು. ಲೋಟಕ್ಕೆ ನೀರು ತುಂಬುವಾಗ ಒಳಗೊಂದು ಬೆರಳಿಟ್ಟಿರುತ್ತಿದ್ದದ್ದು. ಇವತ್ತು ಬೆಳಿಗ್ಗೆ ಹಿಡಿದುಕೊಂಡಿದ್ದ ಬಾಗಿಲ ಚೌಕಟ್ಟು. ಊರಿನವರ ಮೈಯ ಒಂದೂವರೆ ಬೆರಳು ಓರೆಯನ್ನು ಕಂಡುಹಿಡಿಯುವ ಮನುಷ್ಯ, ಮನೆಯೊಳಗೆ ಒಬ್ಬಳ ಕಣ್ಣು ಮಂಜಾದದ್ದನ್ನು ಕಂಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅಳುವೂ ಬಂತು, ಅದನ್ನು ನುಂಗಿಕೊಂಡರು.

“ಹೇಳಿ, ಇದು ನಿಮ್ಮಂಗಡಿಯ ಕಾಜ ಅಲ್ಲ, ಅಲ್ವೇ?” ವಕೀಲರು ಅವಸರಪಡಿಸಿದರು.

“ನನ್ನದಲ್ಲ,” ಎಂದರು ಮಾಸ್ಟರು. ಗೋದಾಮಿನವನ ನಗು ಅಗಲವಾಯಿತು. “ನನ್ನ ಹೆಂಡತೀದು. ಮೂವತ್ತೆರಡು ವರ್ಷ ಎಲ್ಲಾ ಕಾಜನೂ ಅವಳದೇ. ನಾನೇ ಹಾಕಿದ್ದು ಅಂತ ಹೇಳ್ಕೊಂಡು ಬಂದಿದ್ದು ಸುಳ್ಳು, ಬರ್ಕೊಳ್ಳಿ ಸ್ವಾಮಿ. ಈ ಕಾಜ ಸೊಟ್ಟ ಇರೋದು ಅವಳಿಗೆ ಕಣ್ಣು ಸರಿಯಾಗಿ ಕಾಣ್ತಾ ಇರ್ಲಿಲ್ಲ, ಅದಕ್ಕೆ. ಅದು ನನಗೆ ಗೊತ್ತಾಗಿದ್ದು ಈಗ, ಇಲ್ಲಿ. ಕೋಟು ನಾನು ಹೊಲಿದದ್ದೇ. ಜೇಬು ನಾನಿಟ್ಟಿದ್ದೇ. ಬೇರೆ ಯಾವ ಕೋಟೂ ಇಲ್ಲ.”

ನ್ಯಾಯಾಧೀಶರು ಹೆಂಡತಿಯ ಹೆಸರು ಕೇಳಿದರು. ಮಾಸ್ಟರು ಹೇಳಿದರು, ಟೈಪು ಮಾಡುವವರು ಅದನ್ನು ದಾಖಲಿಸಿಕೊಂಡರು. ಮುಂದಿನ ಬೆಂಚಿನಲ್ಲಿ ಅಧಿಕಾರಿಯ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಮಾಸ್ಟರು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಕಿಟಕಿಯ ಕೆಳಗೆ ಕೂತಿದ್ದರು.

“ಯಾಕೆ ಹೇಳ್ಲಿಲ್ಲ ನೀನು?”

“ಆ ಅಂಗಡೀಲಿ ನನ್ನದು ಅಂತ ಇದ್ದಿದ್ದು ಅದೊಂದೇ ಕೆಲಸ. ಅದೂ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?” ಆಕೆ ಅವರ ಕಡೆ ತಿರುಗಿ ಕೇಳಿದರು. “ತುಂಬಾ ಕೆಟ್ಟದಾಗಿತ್ತಾ?”

“ಮೂರನೇದು ಸೊಟ್ಟ.”

“ನಾಲ್ಕನೇದೂ ಸೊಟ್ಟನೇ. ನನಗೆ ಗೊತ್ತು,” ಎಂದು ಆಕೆ ನಕ್ಕರು. ಮಾಸ್ಟರು ನಗಲು ಹೋಗಿ ಅತ್ತುಬಿಟ್ಟರು.

ಗೋದಾಮಿನವನಿಗೆ ಶಿಕ್ಷೆಯಾಯಿತು. ಗಾಳಿಮಾತಿಗೆ ಮಾತ್ರ ಶಿಕ್ಷೆಯೂ ಇಲ್ಲ, ಸಾವೂ ಇಲ್ಲ. ತೀರ್ಪಿನ ಮರುದಿನವೇ ಹೊಸ ವಿಡಿಯೋ ಬಂತು: ದರ್ಜಿ ಕೊನೇ ಗಳಿಗೆಯಲ್ಲಿ ಮಾತು ತಿರುಗಿಸಿದ್ದಾನೆ; ಕಾಜ ಹಾಕುವ ಹೆಂಡತಿ ಎಂಬುದೇ ಕಟ್ಟುಕತೆ; ಮೂವತ್ತೆರಡು ವರ್ಷ ಆಕೆ ಹೊಲಿದದ್ದನ್ನು ಕಂಡವರು ಯಾರು? ವಿಡಿಯೋದಲ್ಲಿ ಪಕ್ಕದಂಗಡಿಯ ಕ್ಷೌರದವನೂ ಇದ್ದ. “ಅಕ್ಕ ಮನೇಲಿ ಅಡುಗೆ ಮಾಡ್ಕೊಂಡು ಇರ್ತಾರೆ. ಕಾಜ ಗೀಜ ನಾನಂತೂ ನೋಡಿಲ್ಲಪ್ಪ. ಮಾಸ್ಟರೇ ಹಾಕೋದು, ಅವರೇ ಹೇಳಿದ್ದಾರೆ.”

ದ್ವೀಪದ ಕತೆಯನ್ನೂ ಮಾಡಿನ ಬಂದೂಕಿನವನನ್ನೂ ಕತ್ತರಿಸಿ ಎಸೆದಿದ್ದ ಮಾಸ್ಟರು ಇದಕ್ಕೆ ಬಾಯಿ ತೆರೆಯಲಿಲ್ಲ. ಇದನ್ನು ಹೊಲಿದವರು ಅವರೇ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳುವುದು?

ಹೆಂಡತಿಯ ಕಣ್ಣಿನ ಪೊರೆ ತೆಗೆಸಿದರು, ಒಂದಾದ ಮೇಲೊಂದು. ವೈದ್ಯರು ಹೂಂ ಎಂದ ದಿನ ಕಿಟಕಿಯ ಕೆಳಗಿನ ಕುರ್ಚಿಯನ್ನು ತಾವೇ ಎತ್ತಿ ತಂದು, ಅಂಗಡಿಯ ಮುಂಬಾಗಿಲಲ್ಲಿ, ತಮ್ಮ ಮಿಷನ್ನಿಗಿಂತ ಒಂದು ಮೊಳ ಮುಂದೆ ಇಟ್ಟರು. ಆಕೆ ಹೊಸ ಕನ್ನಡಕ ಏರಿಸಿ, ತಾವೇ ಸೂಜಿಗೆ ದಾರ ಹಾಕಿಕೊಂಡು, ಎಡಗೈಯಲ್ಲಿ ಕಾಜದ ಮೊದಲ ಗಂಟು ಬಿಗಿದರು. ಪಕ್ಕದ ಅಂಗಡಿಯ ಬಾಗಿಲಲ್ಲಿ ಕ್ಷೌರದವನು ಬಾಚಣಿಗೆ ಹಿಡಿದು ಪಿಳಿಪಿಳಿ ನೋಡುತ್ತ ನಿಂತಿದ್ದ.

“ನೋಡಿದ್ರಲ್ಲ ಅಣ್ಣ,” ಎಂದರು ಆಕೆ, ಸೂಜಿಯಿಂದ ಕಣ್ಣೆತ್ತದೆ. “ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹೇಳಿ.”