ನುಣುಪಾದ ಸೀಲಿಂಗ್

ಹಾಸನದ ಹೊರಗೆ, ಹೊಳೆನರಸೀಪುರ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮದು ಎರಡು ರೂಮಿನ ಮನೆ. ಟೀಚರ್ ಕೆಲಸದಲ್ಲಿ ನಾವು ಅಕ್ಕತಂಗಿಯರು ಉಳಿಸಿದ್ದರಲ್ಲೇ ಮುಗಿಯಬೇಕಿತ್ತು. ಕಟ್ಟುವಾಗ ತಂಗಿ ಇನ್ನೂ ಅರಕಲಗೂಡಿನಲ್ಲಿ ಸರ್ವೀಸಿನಲ್ಲಿದ್ದಳು. ಆಸ್ತಮಾದವಳು, ಸೆಕೆ ತಡೆಯದವಳು. ಅವಳ ಕಂಡೀಷನ್ ಒಂದೇ: ತಾರಸಿಯ ಕಾಂಕ್ರೀಟಿನೊಳಗೆ ಹಳೆಯ ಮಂಗಳೂರು ಹಂಚು ಕೂರಿಸಬೇಕು. ಸಿಮೆಂಟೂ ಕಮ್ಮಿ, ಮನೆಯೂ ತಂಪು.

ಮಲ್ಲಿಪಟ್ಟಣದ ಮೇಸ್ತ್ರಿ ಮೋಲ್ಡ್ ಹಾಕುವ ದಿನ ಬೆಳಿಗ್ಗೆಯೇ ಕಂಬಿಗಳ ನಡುವೆ ಹಂಚು ಜೋಡಿಸಿದ್ದ. ಅಂದು ಕೆಲಸದವರಿಗೆ ಪಾಯಸದೂಟ ಬಡಿಸಲೆಂದು ಚನ್ನರಾಯಪಟ್ಟಣದಿಂದ ಬಂದಿದ್ದ ಅತ್ತಿಗೆ ಏಣಿ ಹತ್ತಿ ನೋಡಿದರು.

“ಇದೇನೇ, ಕೊಟ್ಟಿಗೆ ಹಂಚು? ಕೆಳಗಿಂದ ಕಾಣ್ತದಲ್ಲೇ.”

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ‘ನೀಟ್‌ನೆಸ್’ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಹಂಚನ್ನೆಲ್ಲ ತೆಗೆಸಿಬಿಟ್ಟೆ.

“ಬ್ಯಾಸ್ಗೇಲಿ ಬೇಯ್ತೀರ ಕಣಮ್ಮ,” ಎಂದ ಮೇಸ್ತ್ರಿ.

ರಿಟೈರಾಗಿ ಬಂದ ತಂಗಿ ತಲೆಯೆತ್ತಿ ನೋಡಿ, “ಹಂಚೆಲ್ಲಿ ಅಕ್ಕ?” ಎಂದಳು. “ಮೇಸ್ತ್ರಿ ನನ್ನ ಮಾತು ಕೇಳಲಿಲ್ಲ ಕಣೆ,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

ಈ ಏಪ್ರಿಲ್‌ನಲ್ಲಿ ಸಂಜೆಯಾದರೂ ತಾರಸಿ ಕಾದ ದೋಸೆ ಹೆಂಚಿನಂತೆಯೇ ಇರುತ್ತಿತ್ತು. ತಂಗಿ ಇನ್‌ಹೇಲರ್ ಹಿಡಿದು ಬಚ್ಚಲಿನ ಒದ್ದೆ ನೆಲದ ಮೇಲೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಬಾಗಿಲಾಚೆ ನಾನು ಅವಳ ಉಸಿರು ಎಣಿಸುತ್ತಿದ್ದೆ. ಕೊನೆಗೆ ಮೇಸ್ತ್ರಿಯನ್ನೇ ಕರೆಸಿದೆ.

“ಒಡೆದು ಹಂಚು ಕೂರಿಸೋಕಾಗಲ್ವಾ?”

“ಮೋಲ್ಡ್ ಒಡುದ್ರೆ ಮನೇನೇ ಓಯ್ತದೆ. ಮ್ಯಾಲೆ ಸುಣ್ಣ ಬಳೀತೀನಿ, ಒಸಿ ತಂಪಾಯ್ತದೆ.”

ತಂಗಿ ಬಚ್ಚಲಿನಿಂದಲೇ ಕೇಳಿದಳು: “ಏನ್ರೀ ಮೇಸ್ತ್ರಿ, ಹಂಚು ಹಾಕಿ ಅಂದಾಗ ಕಿವಿ ಮನೇಲಿ ಬಿಟ್ಟು ಬಂದಿದ್ರಾ?”

ಆತ ನನ್ನ ಮುಖ ನೋಡಿದ. ನಾನು ಅವನಿಗೆಂದು ತಂದ ಕಾಫಿಯಲ್ಲಿ ಕರಗಿಹೋಗಿದ್ದ ಸಕ್ಕರೆಯನ್ನೇ ಮತ್ತೆ ಕಲಕಿದೆ.

“ಮರ್ತೋಯ್ತು ಕಣಕ್ಕ,” ಎಂದು ಬಕೆಟ್ ಎತ್ತಿಕೊಂಡು ಮೇಲೆ ಹೋದ.

ಎರಡು ದಿನ ಬಳಿದ. ಕೂಲಿ ಕೊಡಹೋದರೆ, “ಬ್ಯಾಡಿ, ನಂದೇ ತಪ್ಪಲ್ವಾ,” ಎಂದು ಒಳಗೆ ಕೇಳುವಂತೆ ಹೇಳಿದ. ಗೇಟಿನವರೆಗೂ ಹಿಂದೆ ಹೋದೆ.

“ಯೋಳ್ಬುಡಿ ಟೀಚ್ರಮ್ಮ,” ಎಂದ, ಸ್ಕೂಟರ್ ಒದೆಯುತ್ತಾ. “ಬೈತಾರೆ, ಇನ್ನೇನ್ಮಾಡ್ತಾರೆ?”

ಒಳಗೆ ಬಂದೆ. ರೂಮು ಚೂರು ತಂಪಾಗಿತ್ತು. ಅವಳ ಉಸಿರು ಮಾತ್ರ ಇನ್ನೂ ಎಳೆಯುತ್ತಿತ್ತು.

“ಗಿಲ್ಟಿ ಕಾನ್ಶಿಯನ್ಸ್, ಅದಕ್ಕೇ ದುಡ್ಡು ಮುಟ್ಟಲಿಲ್ಲ. ಇನ್ನು ಅವನನ್ನ ಈ ಮನೆಗೆ ಕರೀಬೇಡ ಅಕ್ಕ,” ಎಂದಳು.

“ಆಯ್ತು,” ಎಂದೆ.