ಅಕ್ಕನ ಕಾರಿಗೊಂದು ಪೆಟ್ಟಿಗೆ

ಮೊನ್ನೆ ಕುಂದಾಪುರದ ನನ್ನ ಅಂಗಡಿಗೆ ಬಣ್ಣ ಬಳಿಸಬೇಕೆಂದು ಮೇಲಿನ ಹಲಗೆಯ ಸಾಮಾನು ಇಳಿಸುತ್ತಿದ್ದೆ. ಟಿವಿ, ರೇಡಿಯೋ, ದೋಣಿಗಳ ವಯರ್‌ಲೆಸ್ ಸೆಟ್ಟು ರಿಪೇರಿ ಮಾಡುವವನ ಹಲಗೆಯ ಮೇಲೆ ಏನೇನಿರಬಹುದೆಂದು ನೀವೇ ಊಹಿಸಿ. ಮುಂದೆಂದಾದರೂ ಬೇಕಾದೀತೆಂದು ಎತ್ತಿಟ್ಟು, ಬೇಕಾದ ದಿನ ಎಷ್ಟು ಹುಡುಕಿದರೂ ಸಿಗದ ವಸ್ತುಗಳೇ ಎಲ್ಲ. ಅವುಗಳ ನಡುವೆ ಅಂಗೈಯಗಲದ ಒಂದು ಬೋರ್ಡು ಕೈಗೆ ಬಂತು. ಸಾಲಾಗಿ ಐದು ತಿರುಗಿಸುವ ಗುಂಡಿ, ಮೂರು ಪುಟ್ಟ ದೀಪ. ಮೂಗಿಗೆ ಹಿಡಿದರೆ ಬೆಸುಗೆಯ ರಾಳದ ವಾಸನೆ ಇನ್ನೂ ಚೂರು ಉಳಿದಿತ್ತು.

"ಇದೆಂತ? ಬಿಸಾಡೂದಾ?" ಎಂದಳು ಹೆಂಡತಿ.

"ಅದು ಎಂಜಿನ್ನು" ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಒಳಗೆ ಹೋದಳು. ಮದುವೆಗೆ ಮುಂಚಿನ ಕತೆ ಅವಳಿಗೇನು ಗೊತ್ತು? ನಿಮಗಾದರೂ ಹೇಳುತ್ತೇನೆ.

ಮೊಬೈಲಿನಲ್ಲಿ ಇನ್ನೂ ಗುಂಡಿಗಳಿದ್ದ ಕಾಲ. ನಮ್ಮ ಮನೆ ಬೈಂದೂರಿನಲ್ಲಿ. ಅಪ್ಪಯ್ಯ ದೋಣಿಯವರು. ನಾನು ದಿನಾ ಬಸ್ಸು ಹತ್ತಿ ಕುಂದಾಪುರದ ಅಂಗಡಿಗೆ ಬರುತ್ತಿದ್ದೆ. ನನಗಿಂತ ಐದು ವರ್ಷ ದೊಡ್ಡವಳು ಅಕ್ಕ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಅವಳ ಎರಡೂ ಕಾಲು ಸೋತುಹೋಗಿದ್ದವು. ಮುಂಬೈಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಹೊಲಿಗೆ ಕಲಿತಳು, ಕಾರು ಓಡಿಸುವುದನ್ನೂ ಕಲಿತಳು. ಕ್ಲಚ್ಚು, ಬ್ರೇಕು, ಎಕ್ಸಲರೇಟರು ಮೂರಕ್ಕೂ ಕೈಗೆಟುಕುವ ಸರಳು ಕೂರಿಸಿದ ಒಂದು ಹಳೆಯ ಪೆಟ್ರೋಲ್ ಕಾರನ್ನು ಲಾರಿಯಲ್ಲಿ ಹಾಕಿಸಿಕೊಂಡು ಊರಿಗೆ ಮರಳಿದಳು. ಆ ಸರಳುಗಳನ್ನು ಮಾಡಿದ ಮುದುಕ ಅವಳ ತೋಳಿನ ಉದ್ದವನ್ನು ಟೇಪಿನಲ್ಲಿ ಅಳೆದು ಮಾಡಿದ್ದನಂತೆ. ಬೇರೆ ಕಾರಿಗೆ ಅವು ಕೂರುತ್ತಿರಲಿಲ್ಲ.

ಆ ಕಾರಿನಲ್ಲಿ ಅಕ್ಕ ಸೋಮವಾರ ಬಸ್ರೂರು, ಬುಧವಾರ ಕೋಟ, ಶುಕ್ರವಾರ ಕೊಕ್ಕರ್ಣೆ ಎಂದು ಊರೂರಿಗೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಮನೆಯಲ್ಲಿ ಗೋಡೆ ಹಿಡಿದು ನಡೆಯುವವಳು ಕಾರಿನಲ್ಲಿ ಕುಳಿತರೆ ಬೇರೆಯೇ ಹೆಂಗಸು. ಹೆದ್ದಾರಿಯಲ್ಲಿ ಬಸ್ಸಿನವರು ಹಾರ್ನ್ ಹೊಡೆದರೆ ಇವಳು ಅದಕ್ಕಿಂತ ಉದ್ದ ಹೊಡೆಯುತ್ತಿದ್ದಳು.

ಒಂದು ಸಂಜೆ ಅಕ್ಕ ಕಾರಿನ ಲೈಟು ಆರಿಸಲು ಮರೆತಳು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಪೂರ್ತಿ ಇಳಿದಿತ್ತು. ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಆದರೆ ಮನೆಯಲ್ಲಿ ನಾನೊಬ್ಬ ಎಲೆಕ್ಟ್ರಾನಿಕ್ಸ್ ಪಂಡಿತ ಇದ್ದೆನಲ್ಲ! "ಐದ್ ನಿಮಿಷದ್ ಕೆಲ್ಸ, ತಡಿ" ಎಂದು ಅಪ್ಪಯ್ಯನ ದೋಣಿಯ ಬ್ಯಾಟರಿಯನ್ನೂ ಅದರ ವೈರುಗಳನ್ನೂ ಹೊತ್ತು ತಂದೆ.

ದೋಣಿಯ ವೈರಿಗೆ ಕೆಂಪು, ಕಪ್ಪು ಎಂಬ ಬಣ್ಣ ಇರುವುದಿಲ್ಲ. ಉಪ್ಪುಗಾಳಿಗೆ ಹಾಳಾಗದಿರಲೆಂದು ಅಪ್ಪಯ್ಯ ಬೂತಾಯಿ ಮೀನಿನ ಎಣ್ಣೆ ಬಳಿದು ಬಳಿದು ಎರಡೂ ಒಂದೇ ಬಣ್ಣಕ್ಕೆ ತಿರುಗಿರುತ್ತಿದ್ದವು. ಗುರುತಿಗೆ ಬಲೆಯ ನೂಲು ಕಟ್ಟುತ್ತಿದ್ದರು. ಪ್ಲಸ್ಸಿಗೆ ಒಂದು ಗಂಟು, ಮೈನಸ್ಸಿಗೆ ಎರಡು ಗಂಟು. ಹುಟ್ಟಿದಾಗಿನಿಂದ ಆ ದೋಣಿ ಕಂಡವನು ನಾನು. ಆದರೂ ಆ ಬೆಳಿಗ್ಗೆ, ಎರಡು ಗಂಟು ಎಂದರೆ ಹೆಚ್ಚು, ಹೆಚ್ಚೆಂದರೆ ಪ್ಲಸ್ಸು ಎಂದು ನನ್ನ ಪಂಡಿತ ತಲೆ ಲೆಕ್ಕ ಹಾಕಿತು. ಚಟ್ ಎಂದು ಕಿಡಿ ಹಾರಿತು, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ತಟ್ಟನೆ ವೈರು ಕಿತ್ತು ಸರಿಯಾಗಿ ಕೊಟ್ಟೆ. ಯಾರೂ ನೋಡಲಿಲ್ಲ. ಆದರೆ ಕಾರು ಮತ್ತೆ ಹೊರಡಲಿಲ್ಲ.

ಕೋಟದ ಗ್ಯಾರೇಜಿನ ಸುಬ್ಬಣ್ಣ ಬಂದು ನೋಡಿದ. ಎಂಜಿನ್ನಿಗೆ ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಕೊಡಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆಯೊಂದು ಇಂಥ ಕಾರುಗಳಲ್ಲಿ ಇರುತ್ತದೆ. ಇ.ಸಿ.ಯು. ಎನ್ನುತ್ತಾರೆ. ಎಂಜಿನ್ನಿನ ಅಡುಗೆಭಟ್ಟ ಎಂದುಕೊಳ್ಳಿ. ಭಟ್ಟರು ತೀರಿಹೋಗಿದ್ದರು. "ಲೈಟ್ ಹಾಕಿಟ್ಟ್ ಬ್ಯಾಟ್ರಿ ಪೂರಾ ಇಳ್ದಿತಲೆ, ಅದ್ರಿಂದ್ಲೇ ಪೆಟ್ಟಿಗಿ ಹೋಯಿತ್ ಕಾಂತ್" ಎಂದ ಸುಬ್ಬಣ್ಣ. ಆ ಮಾದರಿಯ ಕಾರು ಬರುವುದು ನಿಂತು ವರ್ಷಗಳಾಗಿದ್ದವು. ಪೆಟ್ಟಿಗೆ ಎಲ್ಲೂ ಸಿಗುವುದಿಲ್ಲವೆಂದ.

ಅಕ್ಕ ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡಳು. "ನಾನೇ ಅಲ್ದಾ ಹಾಳ್ ಮಾಡಿದ್ದ್" ಎಂದಳು, ಅಷ್ಟೇ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಆರು ತಿಂಗಳು ಬರಲಿಲ್ಲ. ನಾಚಿಕೆಗೇಡಿನ ಮಾತು ನಿಜ, ಆದರೆ ನಡೆದದ್ದು ಹೀಗೆಯೇ.

ಹೇಳುವ ಧೈರ್ಯವಿಲ್ಲದವನಿಗೆ ದುಡಿಯುವ ಹುರುಪು ಎಲ್ಲಿಂದಲೋ ಬರುತ್ತದೆ. ಅಂಥದ್ದೇ ಪೆಟ್ಟಿಗೆಯನ್ನು ಸ್ವತಃ ಜೋಡಿಸಿಕೊಳ್ಳಬಹುದೆಂದು ಕುಂದಾಪುರದ ಸೈಬರ್ ಕೆಫೆಯಲ್ಲಿ ಓದಿದೆ. ಬರಿಯ ಬೋರ್ಡು, ಪೊಟ್ಟಣ ಪೊಟ್ಟಣವಾಗಿ ಬಿಡಿಭಾಗಗಳು. ವಿದೇಶದಿಂದ ಅಂಚೆಯಲ್ಲಿ ಬಂದು ಮುಟ್ಟಲು ಎರಡು ತಿಂಗಳು ಹಿಡಿಯಿತು. ಮಧ್ಯಾಹ್ನದ ಊಟ ಬೇಗ ಮುಗಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು ಒಂದೊಂದೇ ಭಾಗ ಬೆಸೆದೆ. ಗಿರಾಕಿಗಳ ಟಿವಿಗಳು ಮೂಲೆಯಲ್ಲಿ ಕಾಯುತ್ತಿದ್ದವು. ಅಂಗಡಿಯೊಳಗೆ ಇಡೀ ದಿನ ರಾಳದ ಹೊಗೆ.

ಜೋಡಿಸಿದ್ದನ್ನು ನೇರ ಕಾರಿಗೆ ಕೊಡುವಂತಿಲ್ಲ. ಮೊದಲು ಮೇಜಿನ ಮೇಲೆ ಪರೀಕ್ಷೆ. ಅದಕ್ಕೊಂದು ಸುಳ್ಳು ಎಂಜಿನ್ನು ಇರುತ್ತದೆ. ನನ್ನ ಹೆಂಡತಿ ಬಿಸಾಡ ಹೊರಟ ಬೋರ್ಡು ಅದೇ. ಒಂದು ಗುಂಡಿ ತಿರುಗಿಸಿದರೆ ಎಂಜಿನ್ನು ಜೋರಾಗಿ ತಿರುಗುತ್ತಿದೆ ಎಂದು ಪೆಟ್ಟಿಗೆ ನಂಬುತ್ತದೆ. ಇನ್ನೊಂದನ್ನು ತಿರುಗಿಸಿದರೆ ನೀರು ಬಿಸಿಯಾಯಿತೆಂದು ನಂಬುತ್ತದೆ. ಅದಕ್ಕೆ ತಕ್ಕಂತೆ ಪೆಟ್ರೋಲು ಬಿಡುವುದನ್ನು ಸಣ್ಣ ದೀಪ ಮಿನುಗಿ ತೋರಿಸುತ್ತದೆ. ಭಾನುವಾರ ಮನೆಯ ಜಗಲಿಯಲ್ಲಿ ಹರಡಿಕೊಂಡು ಕೂತಾಗ ಅಪ್ಪಯ್ಯ ಬಗ್ಗಿ ನೋಡಿದರು.

"ಎಂತ ಮಾರಾಯಾ, ಎಂಜಿನ್ ಇಲ್ದೆ ಎಂಜಿನ್ ಓಡ್ಸತ್ಯಾ?"

"ಮೊದ್ಲ್ ಸುಳ್ಳಿನದ್ ನಡೀಕ್ ಅಪ್ಪಯ್ಯ. ಆಮೇಲೆ ನಿಜದ್."

ಹೇಳಿದವನ ಕಿವಿಗೇ ಆ ಮಾತು ಚುಚ್ಚಿತು. ಅಕ್ಕ ಒಳಗಿನಿಂದ ನಕ್ಕಳು. ಬಹಳ ದಿನದ ಮೇಲೆ ಅವಳು ನಕ್ಕದ್ದು.

ಸುಳ್ಳು ಎಂಜಿನ್ನು ಸೊಗಸಾಗಿ ಓಡಿತು. ನಿಜದ್ದು ಓಡಲಿಲ್ಲ. ಕಾರಿಗೆ ಕೂರಿಸಿ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಗರ್ ಎನ್ನುವುದು, ಆ ಕ್ಷಣದಲ್ಲೇ ಪೆಟ್ಟಿಗೆ ಸತ್ತು ಸುಮ್ಮನಾಗುವುದು. ಎರಡು ಭಾನುವಾರ ಹೀಗೇ ಹೋದವು. ಬೆಸುಗೆಯನ್ನೆಲ್ಲ ಮತ್ತೆ ಮಾಡಿದೆ. ಮೂರನೆಯ ಭಾನುವಾರ ಕಾರಿನ ಕೆಳಗೆ ನುಸುಳಿ ಅರ್ತ್ ವೈರಿನ ಬೋಲ್ಟು ಬಿಚ್ಚಿದರೆ, ಅದರಡಿಯಲ್ಲಿ ಲೋಹವೇ ಕಾಣದಂತೆ ವಾರ್ನಿಷಿನ ಹಾಗೆ ಒಣಗಿದ ಕಂದು ಪದರ. ವಾಸನೆ ನೋಡಿದೆ. ಬೂತಾಯಿ ಎಣ್ಣೆ! ಕರೆಂಟು ಸರಿಯಾಗಿ ದಾಟುವಂತೆಯೇ ಇರಲಿಲ್ಲ.

"ಅಪ್ಪಯ್ಯ, ಕಾರಿಗೂ ಎಣ್ಣೆ ಹಚ್ಚಿದ್ರ್ಯಾ?"

"ಮಳ್ಗಾಲಕ್ಕ್ ಮುಂಚೆ ದೋಣಿಗ್ ಹಚ್ಚುವತ್ತಿಗೆ, ಕಾರ್ ಹೆಂಗೂ ನಿಂತಿತ್ತಲೆ, ಇದ್ಕೂ ಹಚ್ಚಿದೆ. ಬೋಲ್ಟ್ ಬಿಚ್ಚಿ ಅಡಿಗೂ ಹಚ್ಚಿದೆ. ತಪ್ಪಾಯ್ತಾ? ಹಂಗಾರೆ ನಾನೇ ತಿಕ್ಕತೆ, ನೀ ಬದಿಗ್ ಸರಿ."

ಎಪ್ಪತ್ತರ ಹತ್ತಿರದ ಮನುಷ್ಯ ಸ್ಯಾಂಡ್ ಪೇಪರ್ ಹಿಡಿದು ಕಾರಿನಡಿ ಮಲಗಿಬಿಟ್ಟರು. ತಪ್ಪೊಪ್ಪಿಕೊಳ್ಳುವುದು ಇಷ್ಟು ಸುಲಭವೇ! ಒಂದು ಉಸಿರಿನಲ್ಲಿ ಮುಗಿಯಿತಲ್ಲ. ನಾನು ಬದಿಗೆ ಸರಿದು ಕೂತು, ಅವರ ಕಾಲುಗಳನ್ನೇ ನೋಡುತ್ತಿದ್ದೆ.

ಅಂದು ಕಾರು ಹೊರಟಿತು. ಕೆಮ್ಮಿತು, ಕಪ್ಪು ಹೊಗೆ ಕಾರಿತು, ನಡುಗಿತು, ಆದರೆ ನಿಲ್ಲಲಿಲ್ಲ. ಆಮೇಲೆ ಹತ್ತು ದಿನ ಅದನ್ನು ಹದಕ್ಕೆ ತರುವ ಕೆಲಸ. ಸ್ನೇಹಿತನಿಂದ ಎರವಲು ತಂದ ಲ್ಯಾಪ್‌ಟಾಪನ್ನು ಅಪ್ಪಯ್ಯನ ತೊಡೆಯ ಮೇಲಿಟ್ಟು ಮರವಂತೆಯವರೆಗೆ ಹೋಗಿ ಬರುತ್ತಿದ್ದೆವು. ಪರದೆಯಲ್ಲಿ ಬಿಸಿ ಎಷ್ಟು ತೋರಿಸುತ್ತಿದೆ ಎಂದು ಕೇಳಿದರೆ, ಅಪ್ಪಯ್ಯ ಕಡಲಿನ ಆಳ ನೋಡುವ ಅಭ್ಯಾಸದಲ್ಲಿ "ಎಂಬತ್ತ್ ಮಾರ್!" ಎಂದು ಕೂಗುತ್ತಿದ್ದರು. ಹತ್ತನೆಯ ದಿನ ಎಂಜಿನ್ನು ಹೊಲಿಗೆ ಯಂತ್ರದಷ್ಟು ಮೆತ್ತಗೆ ಓಡಿತು.

ಕಾರನ್ನು ತೊಳೆದು, ಜಗಲಿಯ ಮೆಟ್ಟಿಲಿನ ಬುಡಕ್ಕೇ ತಂದು ನಿಲ್ಲಿಸಿ, ಕೀಲಿಯನ್ನು ಅಕ್ಕನ ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನಂಗ್ ಬ್ಯಾಡ ಮಾಣಿ. ಯಾರಾರೂ ಡ್ರೈವರ್ ನೋಡುವ. ನಾನ್ ಹಿಂದೆ ಕೂಕಂತೆ."

"ಎಂತಕೆ?"

"ಆರ್ ತಿಂಗ್ಳ್ ಊಟ ನಿದ್ರಿ ಬಿಟ್ಟ್ ಮಾಡಿದ್ದೆ ನೀನ್. ನಾನ್ ಮತ್ತ್ ಒಂದ್ ಲೈಟ್ ಮರ್ತ್ರೆ ಎಲ್ಲ ಹೋತ್. ನನ್ ಕೈಯನ್ನೇ ನಂಬುಕಾತಿಲ್ಲೆ ನಂಗೆ."

ನೋಡಿ, ನಾನು ಪೆಟ್ಟಿಗೆಯನ್ನು ಮಾತ್ರ ಸುಟ್ಟಿದ್ದೇನೆ ಎಂದುಕೊಂಡಿದ್ದೆ. ಕಾಲಿನ ಕೆಲಸವನ್ನೂ ಮಾಡುವ ಆ ಎರಡು ಕೈಗಳ ಮೇಲಿನ ನಂಬಿಕೆಯನ್ನು ನನ್ನ ಮೌನ ದಿನಕ್ಕಿಷ್ಟು ಎಂದು ಸುಡುತ್ತಾ ಬಂದಿತ್ತು. ಕಾರು ಸರಿಯಾಗಿ ಏನುಪಯೋಗ, ಓಡಿಸುವವಳೇ ಒಲ್ಲೆ ಎಂದ ಮೇಲೆ? ಅಂಗಳದಲ್ಲಿ ನಿಂತು, ಕಾರಿನ ಬಾನೆಟ್ಟನ್ನು ನೋಡುತ್ತಾ ಹೇಳಿದೆ.

"ಅಕ್ಕಾ, ಲೈಟಿಂದ ಬ್ಯಾಟ್ರಿ ಇಳ್ದದ್ದ್ ಅಷ್ಟೇ. ಪೆಟ್ಟಿಗಿ ಸುಟ್ಟದ್ದ್ ನಾನ್. ದೋಣಿ ವಾಯರ್ ತಿರ್ಗಾಮುರ್ಗ ಕೊಟ್ಟಿದ್ದೆ. ನಂಗ್ ಅವತ್ತೇ ಗೊತ್ತಿತ್ತ್."

ಅಕ್ಕ ಗೋಡೆ ಹಿಡಿದು ಎದ್ದಳು. ಕೈ ಕೊಡಲು ಹೋದೆ. "ಮುಟ್ಬ್ಯಾಡ" ಎಂದಳು. ಒಂದೊಂದೇ ಮೆಟ್ಟಿಲು ಇಳಿದು, ನನ್ನ ಕೈಯಿಂದ ಕೀಲಿ ಕಿತ್ತುಕೊಂಡು, ಕಾರೊಳಗೆ ಕುಳಿತಳು. ನಾನು ಆಚೆ ಬಾಗಿಲು ತೆರೆಯಲು ಹೋದರೆ ಒಳಗಿನಿಂದ ಲಾಕ್ ಒತ್ತಿದಳು.

"ಹ್ವಾಯ್, ಅಕ್ಕಾ, ಎಲ್ಲಿಗೆ?"

"ಬಸ್ರೂರಿಗೆ! ಆರ್ ತಿಂಗ್ಳಿಂದ ಕಾಯ್ತಿದ್ದೊ ಅಲ್ಲಿ ಹೆಣ್‌ಮಕ್ಳ್. ನೀ ಬಪ್ಪುದ್ ಬ್ಯಾಡ!"

ಕಾರು ಅಂಗಳದ ಧೂಳು ಎಬ್ಬಿಸಿ ಹೊರಟೇಬಿಟ್ಟಿತು. ಅಪ್ಪಯ್ಯ ಓಡಿ ಬಂದರು. "ಎಂತ ಹೇಳ್ದೆ ಅವ್ಳಿಗೆ?" ಎಂದರು. ನಾನು ಕಾರಿನ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಒಂದನೇ ಗೇರು, ಎರಡನೆಯದು, ಹೆದ್ದಾರಿಯ ತಿರುವಿನಲ್ಲಿ ಚೂರು ನಿಧಾನ, ಮತ್ತೆ ಮೂರನೆಯದು. ಒಮ್ಮೆಯೂ ತಡವರಿಸಲಿಲ್ಲ. ಬಸ್ಸೊಂದು ಹಾರ್ನ್ ಹೊಡೆಯಿತು. ಅದಕ್ಕಿಂತ ಉದ್ದದ ಇನ್ನೊಂದು ಹಾರ್ನ್ ಕೇಳಿತು. ನಾನು ಮೆಟ್ಟಿಲ ಮೇಲೆ ಕುಳಿತೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ನಗುವೂ ಬಂತು. ಒಬ್ಬರ ಸಿಟ್ಟಿಗೆ ಗುರಿಯಾಗಿ ಅಷ್ಟು ಹಗುರಾದದ್ದು ಜೀವನದಲ್ಲಿ ಅದೊಂದೇ ಸಲ.

ಅಕ್ಕ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಳು. ಆ ನಾಲ್ಕು ದಿನ ಉಂಡಷ್ಟು ನಿಶ್ಚಿಂತೆಯ ಊಟ ನಾನು ಆರು ತಿಂಗಳಲ್ಲಿ ಉಂಡಿರಲಿಲ್ಲ. ಐದನೆಯ ದಿನ ತಾನಾಗಿ ಬಂದು, ಹಿಂದಿನ ಚಕ್ರಕ್ಕೆ ಗಾಳಿ ಕಡಿಮೆ ಇದೆ ಎಂದಳು.

ಆ ಕಾರು ಮತ್ತೆ ಆರೇಳು ವರ್ಷ ಓಡಿತು. ಈಗ ಅಕ್ಕನದು ಬೇರೆ ಕಾರು, ಅದರ ಪೆಟ್ಟಿಗೆಯನ್ನು ನಾನು ಮುಟ್ಟುವಂತಿಲ್ಲ. ಇಷ್ಟು ಬರೆದ ಮೇಲೆ ಅವಳಿಗೆ ಫೋನ್ ಮಾಡಿ ಓದಿ ಹೇಳಿದೆ. ಇಷ್ಟು ವರ್ಷ ಅವಳೊಬ್ಬಳನ್ನು ಬಿಟ್ಟು ನಾನು ಯಾರಲ್ಲೂ ಹೇಳದೆ ಉಳಿಸಿಕೊಂಡದ್ದನ್ನು ನಾಲ್ಕು ಜನ ಓದುತ್ತಾರಲ್ಲ ಎಂದು ಅಳುಕಿತ್ತು. ಅವಳು ಕೊನೆಯವರೆಗೂ ಕೇಳಿದಳು.

"ಬರೀಲಕ್ಕ್. ಆರೆ ಲೈಟ್ ಆರ್ಸ್ದೆ ಬಿಟ್ಟದ್ದ್ ನಾನೇ ಅಂದೇಳಿ ಸಮಾ ಬರಿ. ನನ್ ಪಾಲಿನದ್ ನಂಗಿರ್ಲಿ."

ಬರೆದಿದ್ದೇನೆ ಅಕ್ಕಾ.