ಚಿಮಣಿ ಹೊಗೆಗೆ ಹಾಕಿದ ಗೀಟುಗಳು

12 ಮಾರ್ಚ್ 1989, ಭಾನುವಾರ, ಬೆಳಗ್ಗೆ 6.40.

ರಸ್ತೆಗೆ ಡಾಂಬರು ಹಾಕುವವರು ನಮ್ಮ ಗೇಟಿನ ಮುಂದೆ ಹಳೇ ಎಂಜಿನ್ ಆಯಿಲ್ ಸುರಿದು ಒಲೆ ಹೊತ್ತಿಸಿದ್ದಾರೆ. ಆ ವಾಸನೆಗೆ ಕುಡಿದ ಕಾಫಿಯೆಲ್ಲ ವಾಂತಿಯಾಯಿತು. ಐದು ವರ್ಷದ ಹಿಂದೆ ಮೈಯೆಲ್ಲ ಇದೇ ವಾಸನೆ ಹೊತ್ತು ಬರುತ್ತಿದ್ದ ಒಬ್ಬರು ನೆನಪಾದರು...

ರಾಜಾಜಿನಗರದ ನಮ್ಮ ವಠಾರದ ಕೊನೇ ಮನೆಯವರು. ಹಿಂದಿನ ಬೀದಿಯ, ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಫ್ಯಾಕ್ಟರಿಯಲ್ಲಿ, ಬಣ್ಣದ ತೊಟ್ಟಿಗಳಿಗೆ ನೀರು ಕಾಯಿಸುವ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ನಾವೆಲ್ಲ ಬಾಯ್ಲರ್ ಮಾಮ ಅನ್ನುತ್ತಿದ್ದೆವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಅವರ ಉಗುರಿನ ಕಪ್ಪು ಹೋಗುತ್ತಿರಲಿಲ್ಲ. ಅವರು ಕೊಟ್ಟ ಕೊಬ್ಬರಿ ಮಿಠಾಯಿಯನ್ನು ನಾನು ಮೋರಿಗೆ ಎಸೆದಿದ್ದೆ.

ಹೊಗೆ ಯಾಕೆ ಬರುತ್ತದೆ ಅಂತ ಒಮ್ಮೆ ಅವರನ್ನೇ ಕೇಳಿದೆ.

“ಬಾಯ್ಲರಿಗೆ ಉರಿಸೋ ಫರ್ನೇಸ್ ಆಯಿಲ್ ಬೆಲ್ಲದ ಪಾಕದ ಥರ ಮಂದ ಕಣಮ್ಮ. ಹಾಗೇ ಹಚ್ಚಿದ್ರೆ ಉರಿಯಲ್ಲ. ಬಿಸಿ ಮಾಡಿ ತೆಳ್ಳಗೆ ಮಾಡ್ಬೇಕು, ಸಣ್ಣ ತೂತಿಂದ ಮಂಜಿನ ಹಾಗೆ ಚಿಮ್ಮಿಸ್ಬೇಕು, ಗಾಳಿ ಹದವಾಗಿ ಸೇರಿಸ್ಬೇಕು. ಆಗ ಹೊಗೆ ಕಾಣ್ಸೋದೇ ಇಲ್ಲ. ಕಪ್ಪಗೆ ಬಂತೂಂದ್ರೆ ಎಣ್ಣೆ ಪೂರ್ತಿ ಉರಿದಿಲ್ಲ... ಇಲ್ಲಾ ಆಪರೇಟರ್ ತೂಕಡಿಸ್ತಿದಾನೆ!” ಎಂದು ನಕ್ಕರು.

ಆ ವರ್ಷ ಒಣಹಾಕಿದ ಬಟ್ಟೆ, ಸಂಡಿಗೆ ಮೇಲೆಲ್ಲ ಜಿಡ್ಡು ಮಸಿ. “ನಮ್ಮ ಸೀರೆಗೂ ಪುಕ್ಕಟೆ ಬಣ್ಣ ಹಾಕ್ತಾರೆ ಕಣ್ರೀ,” ಎನ್ನುತ್ತಿದ್ದರು ವಠಾರದ ಓನರ್ ಆಂಟಿ. ನಾನು ದಿನಾ ಬೆಳಗ್ಗೆ ಏಳಕ್ಕೆ ಚಿಮಣಿ ನೋಡಿ, ಹೊಗೆ ಕಪ್ಪಗಿದ್ದರೆ ಡೈರಿಯಲ್ಲಿ ಒಂದು ಗೀಟು ಹಾಕತೊಡಗಿದೆ. ಮೂವತ್ತು ದಿನಕ್ಕೆ ಇಪ್ಪತ್ತಾರು ಗೀಟು. ಆಂಟಿ ಅದೇನೆಂದು ಕೇಳಿದಾಗ ಡೈರಿ ತೋರಿಸಿ, ಆಪರೇಟರ್ ತೂಕಡಿಸುವ ಮಾತನ್ನೂ ಹೇಳಿಬಿಟ್ಟೆ. ಅವರು ಡೈರಿ ಸಮೇತ ಫ್ಯಾಕ್ಟರಿಗೆ ಹೋದರು. ಸಂಜೆಗೆ ಮಾಮನ ಕೆಲಸ ಹೋಯಿತು.

ಮನೆ ಖಾಲಿ ಮಾಡುವ ದಿನ ಅವರು ನಮ್ಮ ಬಾಗಿಲಲ್ಲಿ ನಿಂತರು. “ಹೊಗೆ ಬರೆದೆ, ಸರಿ. ಫ್ಯಾಕ್ಟರಿಯವರು ಅಗ್ಗ ಅಂತ ಗ್ಯಾರೇಜಿನ ಕೊಳಕು ಎಂಜಿನ್ ಆಯಿಲ್ ತಂದು ಪೀಪಾಯಿಗಟ್ಲೆ ಟ್ಯಾಂಕಿಗೆ ಸುರೀತಿದ್ರಲ್ಲ, ಅದನ್ನ ಯಾಕಮ್ಮ ಬರೀಲಿಲ್ಲ? ಗಂಟೆಗೊಂದ್ಸಲ ತೂತು ಕಟ್ಕೋತಿತ್ತು. ಬೇಡಿ ಸಾರ್ ಅಂತ ಎಷ್ಟು ಬಡ್ಕೊಂಡೆ...”

ಆ ಪೀಪಾಯಿಗಳು ಬರುವುದನ್ನು ನಾನೂ ನೋಡಿದ್ದೆ.

ಹೊಸ ಆಪರೇಟರ್ ಬಂದ ಮೇಲೂ, ಆಂಟಿ ವಾಪಸ್ ಕೊಟ್ಟ ಡೈರಿಯಲ್ಲಿ ಗೀಟು ಹಾಕಿದೆ. ಮೂವತ್ತಕ್ಕೆ ಮೂವತ್ತೂ ಕಪ್ಪು. ಆ ಪುಟವನ್ನು ಯಾರಿಗೂ ತೋರಿಸಲಿಲ್ಲ. ಮಾಮನ ತಪ್ಪಿರಲಿಲ್ಲ ಎಂದರೆ ಆಂಟಿ ಬೈಯುತ್ತಾರೆಂಬ ಭಯ... ಅಷ್ಟೇ. ಮಾಮನ ಉಗುರು ಕಂಡು ಮೂಗು ಮುರಿದವಳು ನಾನು! ಈಗ ಆ ಪುಟದ ನನ್ನ ನೀಟಾದ ಗೀಟುಗಳನ್ನು ಕಂಡರೇ ಹೇಸಿಗೆಯಾಗುತ್ತದೆ.

ಮಾಮ ಕೆಂಗೇರಿ ಕಡೆ ಹೋದರೆಂದು ಕೇಳಿದ್ದೆ. ಎರಡು ಸಲ ಹೋಗಿ ವಿಚಾರಿಸಿದೆ, ಸಿಗಲಿಲ್ಲ. ಬದುಕಿದ್ದಾರೋ ಇಲ್ಲವೋ... ಇವತ್ತು ಬರೆದ ಇದನ್ನು ಹಾಗೇ ಪತ್ರಿಕೆಗೆ ಕಳಿಸುತ್ತಿದ್ದೇನೆ; ಓದಿದವರಲ್ಲಿ ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಆ ಮೂವತ್ತು ಗೀಟುಗಳನ್ನು ನಾನೇ ಒಯ್ದು ಅವರಿಗೆ ತೋರಿಸಬೇಕು.